ಯಾರೂ ಫೋನ್ ಮುಟ್ಟಬೇಡಿ

ಪ್ರೂಫ್ ರೀಡರನ ಮನೆಯ ಫ್ಯಾಕ್ಸ್ ಮೋಡೆಮ್ ಮೊದಲ ಸಲ ಕೂಗಿದಾಗ ಆಕಾಶದಲ್ಲಿ ಹೋಗುತ್ತಿದ್ದ ಮೂರು ವಿಮಾನಗಳು ಹೆದರಿ ಹಿಂದಕ್ಕೆ ತಿರುಗಿದವು. ಅನುಮಾನವಿದ್ದವರು ವಿಮಾನಗಳನ್ನೇ ಕೇಳಬಹುದು.

ಕಂಪ್ಯೂಟರಿನಲ್ಲಿದ್ದ ಪತ್ರವನ್ನು ಫೋನ್ ಲೈನಿನಲ್ಲಿ ಕಳಿಸುವ ಆ ಪೆಟ್ಟಿಗೆಯೇನೋ ಸೋಪಿನ ಡಬ್ಬಿಯಷ್ಟೇ. ಕಂಪ್ಯೂಟರಿನ ಪಕ್ಕ ಕೂತು ಕೆಂಪು ದೀಪ ಮಿಟುಕಿಸುತ್ತಿತ್ತು. ಹಳೇ ಪ್ರೆಸ್ಸೊಂದರಲ್ಲಿದ್ದ ಪ್ರೂಫ್ ರೀಡರನಿಗೆ ದೊಡ್ಡ ಪ್ರಕಾಶನವೊಂದರಲ್ಲಿ ಕೆಲಸ ಸಿಕ್ಕಿತ್ತು. ಒಪ್ಪಿಗೆ ಪತ್ರ ಅಂದೇ ಸಂಜೆ ಐದರೊಳಗೆ ಫ್ಯಾಕ್ಸಿನಲ್ಲಿ ತಲುಪಬೇಕು. ಇಲ್ಲವಾದರೆ ಕೆಲಸ ಬೇರೆಯವನಿಗೆ.

ಮೂರು ಗಂಟೆಗೆ ಗುಂಡಿ ಒತ್ತಿದ. ಮೋಡೆಮ್ ನಂಬರು ತಿರುಗಿಸಿ ‘ಕೀಂ’ ಎಂದಿತು. ಅದೇ ಲೈನಿನ ಇನ್ನೊಂದು ಫೋನು ಅಡುಗೆಮನೆಯಲ್ಲಿತ್ತು. ಅತ್ತೆ ಅದನ್ನು ಎತ್ತಿದರು.

“ಅಳಬೇಡ ಕಂದಾ, ಅಮ್ಮನ ಕೈಗೆ ಫೋನ್ ಕೊಡು.”

ಲೈನು ಕಡಿದುಹೋಯಿತು.

“ಅತ್ತೇ, ಅದು ಮೋಡೆಮ್ಮು!”

“ಹೆಸರು ಏನಾದ್ರೂ ಇರ್ಲಪ್ಪ, ಮಗು ತಾನೇ? ಪಾಪ, ಗಂಟಲು ಕಟ್ಟಿದೆ.”

ಎರಡನೇ ಸಲ ಹೆಂಡತಿ ಎತ್ತಿದಳು, ಅಕ್ಕನ ಜೊತೆ ಮಾತಾಡಲು. ಮೂರನೇ ಸಲ ಮತ್ತೆ ಅತ್ತೆ, ಮಗು ಸುಮ್ಮನಾಯಿತೋ ಇಲ್ಲವೋ ನೋಡಲು. ಅಳಿಯ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದ.

ಆಗ ದಯಮಾಡಿಸಿದರು ಪಕ್ಕದ ಮನೆಯ ಮಹಾಪಂಡಿತರು. ಏನು ತಲೆ ಅದು! ಅವರು ಹತ್ತಿರ ಸುಳಿದರೆ ಸತ್ತ ರೇಡಿಯೋ ಎದ್ದು ಕೂತು ವಾರ್ತೆ ಓದುತ್ತಿತ್ತು.

“ಯಾರೂ ಫೋನ್ ಮುಟ್ಟಬೇಡಿ! ಕೀಂ ಅಂದ್ರೆ ಕೆಲಸ ನಡೀತಿದೆ ಅಂತ,” ಎಂದು ಗದರಿಸಿ, ಪರದೆಯಲ್ಲಿ ಕಂಡ ಚೌಕಗಳಿಗೆಲ್ಲ ಟಿಕ್ ಹಾಕಿದರು.

“ಸಾರ್, ‘ಬರುವ ಕರೆಯನ್ನು ತಾನೇ ಸ್ವೀಕರಿಸು’ ಅಂತಿದೆ, ಇದ್ಯಾಕೆ?”

“ಇರ್ಲಿ ಬಿಡ್ರೀ. ಟಿಕ್ ಜಾಸ್ತಿಯಾದಷ್ಟೂ ಶಕ್ತಿ ಜಾಸ್ತಿ.”

ಐದಕ್ಕೆ ಎರಡು ನಿಮಿಷವಿರುವಾಗ ಪತ್ರ ಹೋಗಿ ತಲುಪಿತು. ಅತ್ತೆ ಚಪ್ಪಾಳೆ ತಟ್ಟಿದರು.

ಹತ್ತು ನಿಮಿಷದಲ್ಲಿ ಫೋನು ಒಮ್ಮೆ ಟ್ರಿಣ್ ಎಂದಿತು. ಮೋಡೆಮ್ ತಾನಾಗಿಯೇ ಕೀಂ ಎಂದಿತು.

“ಮುಟ್ಟಬೇಡಿ, ಕೆಲಸ ನಡೀತಿದೆ!” ಎಂದರು ಪಂಡಿತರು. ಹೀಗೆ ಮೂರು ಸಲ. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು, ಕೈಕಟ್ಟಿ ನಿಂತಿದ್ದರು. ನಾಲ್ಕನೇ ಸಲ ಪರದೆಯ ಮೇಲೆ ಒಂದು ಫ್ಯಾಕ್ಸೇ ಮೂಡಿತು.

“ನೋಡಿದ್ರಾ! ಬರೋದನ್ನೂ ಹಿಡಿಯುತ್ತೆ!” ಎಂದು ಪಂಡಿತರು ಹಿಗ್ಗಿದರು.

ಪ್ರೂಫ್ ರೀಡರ್ ಗಟ್ಟಿಯಾಗಿ ಓದಿದ: “ಎಂದು ಕೆಲಸಕ್ಕೆ ಬರುತ್ತೀರೆಂದು ಕೇಳಲು ಮೂರು ಸಲ ಫೋನ್ ಮಾಡಿದೆವು. ಮೂರು ಸಲವೂ ನಮ್ಮ ಮ್ಯಾನೇಜರರ ಕಿವಿಯಲ್ಲಿ ಕಿರುಚಿದಿರಿ. ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದೇವೆ.”

ಪಾಪ, ಈಗಲೂ ಅವನು ಹಳೇ ಪ್ರೆಸ್ಸಿನಲ್ಲೇ ಇದ್ದಾನೆ. ಈ ಕತೆಯ ಪ್ರೂಫೂ ಅವನ ಕೈಗೇ ಹೋಗಿ, ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆಯೊಂದಿಗೆ ವಾಪಸು ಬಂದಿದೆ: “ಪಂಡಿತರು ಯಾರೆಂಬುದು ಬಿಟ್ಟುಹೋಗಿದೆ. ನೀವೇ ಸೇರಿಸುತ್ತೀರೋ, ನಾನು ಸೇರಿಸಲೋ?”

ಬೇಡಪ್ಪಾ, ನಾನೇ ಸೇರಿಸುತ್ತೇನೆ. ಅದು ನಾನೇ. ಆ ಚೌಕಗಳಲ್ಲಿ ಒಂದೂ ನನಗೆ ಅರ್ಥವಾಗಿರಲಿಲ್ಲ.