ಖಜೂರಿ ರಸ್ತೆಗೊಂದು ಮೆತ್ತನೆಯ ಸೀಟು

ಬೈಕಿನ ಮೇಲೆ ನೌಕರಿಗೆ ಹೋಗಿಬರುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಒಮ್ಮೆ ರಸ್ತೆಯಲ್ಲಿ, ಒಮ್ಮೆ ಬೆನ್ನಿನಲ್ಲಿ. ನಾನು ಬಿಸಿಲು, ಮಳೆ, ಚಳಿ ಎನ್ನದೆ ದಿನಾ ಆಳಂದದಿಂದ ಖಜೂರಿಯ ಶಾಲೆಗೆ ಹೋಗಿಬರುವ ಮಾಸ್ತರ. ಸೊಂಟ ಹಿಡಿದುಕೊಂಡ ಮೇಲೆ ಎರಡೇ ದಾರಿ ಉಳಿದವು: ಕೂರಲು ಹಿತವಾದ ಬೈಕು ತರಬೇಕು, ಇಲ್ಲವೇ ಹೆಂಡತಿ ಮಕ್ಕಳನ್ನು ಬಿಟ್ಟು ಖಜೂರಿಯಲ್ಲೇ ರೂಮು ಮಾಡಬೇಕು.

ಡಾಕ್ಟರ ಸಲಹೆ

ಮೊದಲು ಡಾಕ್ಟರ ಹತ್ತಿರ ಹೋದೆ.

"ಯಾವ ರೋಡಿಗೆ ಹೋಗ್ತೀರಿ ಮಾಸ್ತರ?"

"ಖಜೂರಿ ರೋಡ್ರಿ."

ಅವರು ಪೆನ್ನು ಕೆಳಗಿಟ್ಟರು. "ಗುಳಿಗಿ ಆಮ್ಯಾಲ. ಮೊದ್ಲ ಬೈಕ್ ಬದಲಿ ಮಾಡ್ರಿ. ಸೀಟು ಅಗಲ ಇರಬೇಕು, ಬೆನ್ನು ನೆಟ್ಟಗ ಇರಬೇಕು."

"ಕಾರ್ ತೊಗೊಂಡ್ರ ಹೆಂಗ್ರಿ?"

ಡಾಕ್ಟರು ತಮ್ಮ ಅಂಗಿ ಎತ್ತಿ ತೋರಿಸಿದರು. ಸೊಂಟದ ಸುತ್ತ ಗೇಣಗಲದ ಪಟ್ಟಿ.

"ನಾನೂ ಅದೇ ರೋಡಿಗೆ ಹೋಗ್ತೇನಿ. ಕಾರಿನ್ಯಾಗ."

ಕುದುರೆಯೆತ್ತರದ ಬೈಕು

ನಮ್ಮ ಶಾಲೆಯ ಗಣಿತದ ಮಾಸ್ತರರು ನನ್ನಷ್ಟೇ ಗಿಡ್ಡ. ಬೈಕು ಮಾತ್ರ ಕುದುರೆಯಷ್ಟು ಎತ್ತರ. "ಇಂಥಾದ್ದೇ ತೊಗೋರಿ. ತಗ್ಗು ದಿನ್ನಿ ಒಂದೂ ಗೊತ್ತಾಗಂಗಿಲ್ಲ" ಎಂದರು. ಹತ್ತಿ ಕೂತೆ. ಹಿತವಾಗಿಯೇ ಇತ್ತು. ಆದರೆ ಕಾಲು ನೆಲಕ್ಕೆ ಮುಟ್ಟಲಿಲ್ಲ.

"ಇದನ್ನ ನಿಲ್ಲಸೂದು ಹೆಂಗ್ರಿ ಸರ?"

"ಗೇಟಿನ್ಯಾಗ ಜವಾನ ಹಿಡಕೋತಾನ."

"ಅವ ರಜಾ ಹಾಕಿದ್ರ?"

"ಅವತ್ತು ನಂದೂ ರಜಾ!"

ಶೋರೂಮಿನಲ್ಲಿ

ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಶೋರೂಮಿಗೇ ಹೋದೆ. ಸೇಲ್ಸ್‌ಮನ್ ಮೈಲೇಜು, ಪಿಕಪ್ಪು ಎಂದು ಶುರುಮಾಡಿದ. "ಅದೆಲ್ಲಾ ಇರ್ಲಿ, ಕುಂತ್ರ ಹೆಂಗ ಆಗ್ತದ ಅದನ್ನ ಹೇಳ್ರಿ" ಎಂದಳು ನನ್ನಾಕೆ. ಆತ ಅಗಲ ಸೀಟಿನದೊಂದು ಬೈಕು ಓಡಿಸಿ ನೋಡಲು ಕೊಟ್ಟ. ಅವಳನ್ನು ಹಿಂದೆ ಕೂರಿಸಿಕೊಂಡು ಖಜೂರಿ ರಸ್ತೆಗೇ ಬಿಟ್ಟೆ.

ತಗ್ಗು ಬಂದಾಗಲೆಲ್ಲ "ಸಾವಕಾಶ ರೀ" ಎಂದು ಬೆನ್ನಿಗೆ ಗುದ್ದುವವಳು ಅಂದು ಸೊಲ್ಲೇ ಎತ್ತಲಿಲ್ಲ. ಸಿಟ್ಟಾಗಿದ್ದಾಳೇನೋ ಎಂದು ಹೆದರಿ ಮೆಲ್ಲಗೆ ತಿರುಗಿಸಿಕೊಂಡು ಬಂದೆ. ಶೋರೂಮಿನ ಮುಂದೆ ನಿಲ್ಲಿಸಿದರೂ ಇಳಿಯಲಿಲ್ಲ. ಸೇಲ್ಸ್‌ಮನ್ ಹಿಂದೆ ಹೋಗಿ ನೋಡಿದ.

"ಸರ, ಅಕ್ಕಾರು ಮಲ್ಕೊಂಡಾರ್ರಿ!"

ನನ್ನ ಬೆನ್ನಿಗೆ ತಲೆಯಾನಿಸಿ ಗಾಢ ನಿದ್ದೆ. ಎಬ್ಬಿಸಿದಾಗ ಕಣ್ಣುಜ್ಜಿಕೊಳ್ಳುತ್ತ, "ಇದೇ ಇರ್ಲಿ, ತೊಗೋರಿ" ಎಂದಳು.

ಸೇಲ್ಸ್‌ಮನ್ ಹಿಗ್ಗಿಹೋದ. "ಸೀಟು ಅಷ್ಟು ಚಲೋ ಅನಿಸ್ತೇನ್ರಿ ಅಕ್ಕಾರ?"

"ಸೀಟಿಂದು ಬಿಡ್ರಿ. ಮದುವ್ಯಾದಾಗಿಂದ ಇವರ ಗೊರಕಿ ಕಿವಿಗೆ ಬೀಳದಂಗ ಮಲ್ಕೊಂಡಿದ್ದು ಇವತ್ತೇ ಮೊದಲು!"