ಮೂವತ್ತನೆಯ ಹಲ್ಲು ಮತ್ತು ಇಲಾಖೆಯ ಕೊಕ್ಕೆ

ದಂತ ಅಂಟು ಪರೀಕ್ಷಾ ಇಲಾಖೆ
ಸಂಖ್ಯೆ: ದಂಅಂಪ/ಹಲ್ಲು-30/ಕೊಕ್ಕೆ-1

ಸುತ್ತೋಲೆ

ವಿಷಯ: ಖಾಸಗಿ ಹಲ್ಲಿಗೆ ಇಲಾಖೆಯ ಕೊಕ್ಕೆ ಬಿಡಿಸಲಾಗದಂತೆ ಅಂಟಿಕೊಂಡಿರುವ ಬಗ್ಗೆ.

ಉಲ್ಲೇಖ: 1. ಪ್ರಯೋಗಾಲಯ ಸಹಾಯಕಿಯ ಲಿಖಿತ ವಿವರಣೆ.
2. ಸದರಿಯವರ ಅಜ್ಜಿಯ ಮೌಖಿಕ ದೂರು (ಮೆಟ್ಟಿಲ ಬಳಿ ಸಲ್ಲಿಸಿದ್ದು, ಮೂರೂ ಮಹಡಿಗಳಲ್ಲಿ ಸ್ವೀಕೃತವಾಗಿದೆ).

ಹುಳುಕು ಹಲ್ಲು ತುಂಬುವಾಗ ಬಳಸುವ ಹೊಸ ಅಂಟು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ, ಬಾಯಿಯ ಸೂಕ್ಷ್ಮಾಣುಗಳನ್ನು ಎಷ್ಟರಮಟ್ಟಿಗೆ ಕೊಲ್ಲುತ್ತದೆ ಎಂದು ಪರೀಕ್ಷಿಸಲು ಮೂವತ್ತು ಕಿತ್ತ ಹಲ್ಲುಗಳು ಬೇಕಿದ್ದು, ಇಪ್ಪತ್ತೊಂಬತ್ತು ಮಾತ್ರ ಲಭ್ಯವಿದ್ದವು. ಮೂವತ್ತನೆಯದನ್ನು ಸಹಾಯಕಿಯು ತಮ್ಮ ಅಜ್ಜಿಯನ್ನು ಕಾಡಿ ಬೇಡಿ ತಂದಿರುತ್ತಾರೆ. ಅದು ಅಜ್ಜಿಯ ಕಟ್ಟಕಡೆಯ ಹಲ್ಲು. ಕೊಡುವಾಗ ಅಜ್ಜಿಯು, "ಉಳಿದವೆಲ್ಲ ಹೇಳದೆ ಕೇಳದೆ ಹೊರಟುಹೋದವು ಕಣೇ. ಇದೊಂದನ್ನ ನಾನಾಗಿ ಕಳಿಸ್ತಿದ್ದೀನಿ. ಹೋದ ಹಾಗೇ ವಾಪಸ್ ಬರಬೇಕು" ಎಂಬ ಷರತ್ತು ವಿಧಿಸಿದ್ದು, ಮೊಮ್ಮಗಳು ಮಾತು ಕೊಟ್ಟಿರುವುದು ವಿವರಣೆಯಿಂದ ಕಂಡುಬಂದಿದೆ.

ಪ್ರತಿ ಹಲ್ಲಿಗೂ ಅಂಟು ಹಚ್ಚಿ, ಕೊಕ್ಕೆ ಕೂರಿಸಿ, ನೀಲಿ ದೀಪದಿಂದ ಗಟ್ಟಿಮಾಡಿ, ಯಂತ್ರದಿಂದ ಎಳೆಯಲಾಯಿತು. ಇಪ್ಪತ್ತೊಂಬತ್ತು ಹಲ್ಲುಗಳು ಒಂದಾದ ಮೇಲೊಂದರಂತೆ ಕೊಕ್ಕೆಯನ್ನು ಬಿಟ್ಟುಕೊಟ್ಟವು. ಮೂವತ್ತನೆಯದರ ಸರದಿಯಲ್ಲಿ ಸಹಾಯಕಿಯು ಕಣ್ಣು ಮುಚ್ಚಿಕೊಂಡಿದ್ದು (ನಿಯಮಬಾಹಿರ), ಮೊದಲು ಲಟಕ್ಕೆಂಬ ಶಬ್ದವೂ, ತದನಂತರ ಹನ್ನೊಂದು ಸೆಕೆಂಡುಗಳ ಮೌನವೂ ಉಂಟಾದವು. ಮೌನವನ್ನು ನಮೂದಿಸಲು ನಮೂನೆಯಲ್ಲಿ ಕಲಂ ಇಲ್ಲದ ಕಾರಣ ಅದನ್ನು ಷರಾದಲ್ಲಿ ಬರೆಯಲಾಗಿದೆ. ಅವರು ಕಣ್ಣು ತೆರೆದಾಗ ಮುರಿದಿದ್ದುದು ಹಲ್ಲಲ್ಲ, ಅಂಟೂ ಅಲ್ಲ, ಯಂತ್ರದ ತೋಳು.

ಹಲ್ಲು ಅಜ್ಜಿಯದು, ಕೊಕ್ಕೆ ಇಲಾಖೆಯದು. ಹಲ್ಲನ್ನು ಕೊಟ್ಟರೆ ಕೊಕ್ಕೆ ಹೊರಹೋಗುತ್ತದೆ. ಕೊಕ್ಕೆಯನ್ನು ಉಳಿಸಿಕೊಂಡರೆ ಮೊಮ್ಮಗಳು ಕೊಟ್ಟ ಮಾತು ಹೋಗುತ್ತದೆ. ಆದಕಾರಣ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ಇವೆರಡನ್ನೂ ಬೇರ್ಪಡಿಸುವ ಯತ್ನಗಳನ್ನು ಇನ್ನು ಮುಂದೆ ಮಾಡತಕ್ಕದ್ದಲ್ಲ. ಉಗ್ರಾಣಪಾಲಕರು ಕೊಕ್ಕೆಯನ್ನು ಸ್ವಂತ ಹಲ್ಲಿನಿಂದ ಕಚ್ಚಿ ಎಳೆದಿರುವುದು ಸೇವಾನಿಷ್ಠೆಯೇ ಆದರೂ, ಇಲಾಖೆಗೆ ಮೂವತ್ತೊಂದನೆಯ ಹಲ್ಲಿನ ಅಗತ್ಯ ಸದ್ಯಕ್ಕಿಲ್ಲ.

2. ಪರೀಕ್ಷೆಯಲ್ಲಿರುವ ಹಲ್ಲುಗಳ ಯೋಗಕ್ಷೇಮ ವಿಚಾರಿಸಲು ಬರುವ ಬಂಧುಗಳಿಗೆ ಮಧ್ಯಾಹ್ನ 3ರಿಂದ 3.15ರವರೆಗೆ ಅವಕಾಶವಿದೆ. "ನನ್ನ ಹಲ್ಲು ಏನ್ಮಾಡ್ತಿದೆ?" ಎಂಬ ಪ್ರಶ್ನೆಗೆ "ನೀರಲ್ಲಿದೆ, ಆರಾಮಾಗಿದೆ" ಎಂದಷ್ಟೇ ಉತ್ತರಿಸತಕ್ಕದ್ದು. "ಊಟ ಬಿಟ್ಟಿದೆ" ಎಂದು ಹೇಳಿ ಅಜ್ಜಿಯನ್ನು ಅಳಿಸಿದವರು ಯಾರೆಂಬ ಬಗ್ಗೆ ವಿಚಾರಣೆ ನಡೆದಿದೆ.

3. ಸಿಬ್ಬಂದಿಯ ಬಾಯಿಗಳಿಂದ ತೆಗೆದ ಸೂಕ್ಷ್ಮಾಣುಗಳೆಲ್ಲ ಅಂಟು ತಾಕಿದ ದಿನವೇ ಸತ್ತಿದ್ದು, ಅಧೀಕ್ಷಕರ ಬಾಯಿಯವು ಮಾತ್ರ ನಾಲ್ಕು ದಿನ ಜಗ್ಗಿಲ್ಲ. "ಸಾಹೇಬರ ಬಾಯಿಗೆ ಎದುರು ನಿಲ್ಲೋರು ಯಾರಿದ್ದಾರೆ ಬಿಡ್ರಿ" ಎಂಬ ಬೆರಳಚ್ಚುಗಾರರ ಅಭಿಪ್ರಾಯವನ್ನು ವರದಿಯ 'ತೀರ್ಮಾನ' ಭಾಗದಿಂದ ತೆಗೆದುಹಾಕತಕ್ಕದ್ದು.

4. ಮಿಕ್ಕ ಅಂಟನ್ನು ಚಪ್ಪಲಿಯ ಉಂಗುಷ್ಠ, ಲೋಟದ ಹಿಡಿ, ಕುರ್ಚಿಯ ಕಾಲು ಇತ್ಯಾದಿಗಳಿಗೆ ಹಚ್ಚತಕ್ಕದ್ದಲ್ಲ. ಈಗಾಗಲೇ ಹಚ್ಚಿದವರು, ತಮ್ಮ ಚಪ್ಪಲಿಯು ಸೂಕ್ಷ್ಮಾಣುಮುಕ್ತವಾಗಿದೆ ಎಂಬ ಕಾರಣಕ್ಕೆ ಅದನ್ನು ಧರಿಸಿ ಪ್ರಯೋಗಾಲಯದೊಳಗೆ ಬರತಕ್ಕದ್ದಲ್ಲ.

5. ಹಲ್ಲನ್ನು ಕೊಕ್ಕೆ ಸಮೇತ ಅಜ್ಜಿಗೆ ಹಿಂತಿರುಗಿಸಲಾಗಿದೆ. ಅಜ್ಜಿಯ ಅಡುಗೆಮನೆಯ ಕಪಾಟನ್ನು ಇಲಾಖೆಯ ಉಪ-ಉಗ್ರಾಣವೆಂದೂ, ಅಜ್ಜಿಯನ್ನು ಕೊಕ್ಕೆಯ ಗೌರವ ಪಾಲಕರೆಂದೂ ಘೋಷಿಸಲಾಗಿದೆ. ಅಧೀಕ್ಷಕರು ವರ್ಷಕ್ಕೊಮ್ಮೆ ಖುದ್ದು ಹೋಗಿ ಕೊಕ್ಕೆ ಇದೆಯೇ ಎಂದು ನೋಡತಕ್ಕದ್ದು. ಬಾಯಿ ಮುಕ್ಕಳಿಸಿಕೊಂಡು ಹೋಗತಕ್ಕದ್ದು.

6. "ಹೋದ ಹಾಗೇ" ಎಂಬ ಷರತ್ತು ಪಾಲನೆಯಾಗಿದೆಯೇ ಎಂದು ಅಜ್ಜಿಯ ಅಭಿಪ್ರಾಯ ಕೋರಲಾಗಿತ್ತು. ಅವರು ಕೊಕ್ಕೆಯನ್ನು ಹಿಡಿದು, ಹಲ್ಲನ್ನು ಕಿಟಕಿಯ ಬೆಳಕಿಗೆ ಎತ್ತಿ, ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿರುತ್ತಾರೆ. ಆ ಅವಧಿಯಲ್ಲಿ ಸಹಾಯಕಿಯು ಮತ್ತೊಮ್ಮೆ ಕಣ್ಣು ಮುಚ್ಚಿಕೊಂಡಿರುತ್ತಾರೆ. ನಂತರ ಅಜ್ಜಿಯು, "ಹೋಗುವಾಗ ಒಂಟಿ ಪಿಶಾಚಿ ಹಾಗೆ ಹೋಗಿತ್ತು, ಬರುವಾಗ ಜೋಡಿ ಮಾಡ್ಕೊಂಡು ಬಂದಿದೆ. ಇರಲಿ ಬಿಡೇ, ಕಣ್ಣು ತೆಗಿ" ಎಂದಿರುತ್ತಾರೆ. ಇದನ್ನೇ ಸ್ವೀಕೃತಿ ಪತ್ರವೆಂದು ಪರಿಗಣಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
ಅಧೀಕ್ಷಕರು
(ಬಾಯಿಯ ಮರುಪರೀಕ್ಷೆಗೆ ಒಳಪಟ್ಟು)

ಪ್ರತಿಗಳು:
1. ಪ್ರಯೋಗಾಲಯ ಸಹಾಯಕಿಗೆ: ಮುಂದಿನ ಪರೀಕ್ಷೆಯಲ್ಲಿ ಕನಿಷ್ಠ ಒಂದು ಕಣ್ಣನ್ನಾದರೂ ತೆರೆದಿರಲು.
2. ಯಂತ್ರ ದುರಸ್ತಿಗಾರರಿಗೆ: ತೋಳನ್ನು ಸದರಿ ಅಂಟಿನಿಂದಲೇ ಕೂಡಿಸಲು.
3. ಸೂಚನಾ ಫಲಕಕ್ಕೆ: ಪಿನ್ನು ಚುಚ್ಚಿಯೇ ಹಾಕಲು, ಅಂಟಿಸಿದ್ದ ಹಿಂದಿನ ಸುತ್ತೋಲೆ ಇನ್ನೂ ಬಿಟ್ಟಿಲ್ಲ.
4. ಅಜ್ಜಿಗೆ: ಕೊಕ್ಕೆಗೆ ಬೀಗದ ಕೈ ತೂಗುಹಾಕಬಹುದೇ ಎಂಬ ಅವರ ಪ್ರಶ್ನೆ ಪರಿಶೀಲನೆಯಲ್ಲಿದೆ, ಈಗಾಗಲೇ ತೂಗುಹಾಕಿರುವುದು ಇಲಾಖೆಯ ಗಮನಕ್ಕೆ ಬಂದಿರುವುದಿಲ್ಲ.