ಚಿಕ್ಕಪ್ಪನ ಕಾರು ಹೇಳುವ ಕಿಲೋಮೀಟರು

ನಮ್ಮ ಚಿಕ್ಕಪ್ಪ ಯಾರನ್ನೂ ನಂಬುವವರಲ್ಲ. ಚಿಕ್ಕಮ್ಮ ಸಾರಿಗೆ ಉಪ್ಪು ಹಾಕಿದ್ದೇನೆಂದರೂ ರುಚಿ ನೋಡಿಯೇ ನಂಬುವುದು. ಅಂಥವರು ಎಲೆಕ್ಟ್ರಿಕ್ ಕಾರು ಕೊಂಡ ದಿನದಿಂದ ಅದರ ಪರದೆಯ ಮೇಲಿನ ಒಂದು ಸಂಖ್ಯೆಗೆ ಶರಣಾಗಿಬಿಟ್ಟಿದ್ದಾರೆ! ಇನ್ನೆಷ್ಟು ಕಿಲೋಮೀಟರ್ ಓಡಬಹುದೆಂದು ಹೇಳುವ ಸಂಖ್ಯೆ ಅದು. ಗೌರಿಬಿದನೂರಿನ ಮನೆ ಮುಂದೆ ಇನ್ನೂರೆಂಬತ್ತು ಎನ್ನುತ್ತದೆ. ಮಂಚೇನಹಳ್ಳಿ ದಾಟಿ ಏರು ಸಿಕ್ಕಿತೋ, ಇನ್ನೂರು!

"ಕಾರು ಸುಳ್ಳು ಹೇಳ್ತಿಲ್ಲ ಕಣಮ್ಮ, ನೀನು ದಪ್ಪ ಆಗಿದ್ದೀಯ" ಎಂದು ನನ್ನನ್ನೇ ಗದರುತ್ತಾರೆ.

ಸಂಖ್ಯೆ ಇಳಿಯುತ್ತಲೇ ನಮಗೆ ಶಿಕ್ಷೆ ಶುರು. ಎಸಿ ಬಂದ್. ಕಿಟಕಿ ತೆಗೆಯುವಂತಿಲ್ಲ, ಗಾಳಿ ಕಾರನ್ನು ಹಿಂದಕ್ಕೆಳೆಯುತ್ತದಂತೆ. ಹಾರ್ನ್ ಕೂಡ ಇಲ್ಲ. ಎಮ್ಮೆ ಅಡ್ಡ ಬಂದಾಗ ಮಾತ್ರ ಗಾಜು ಇಳಿಸಿ ನಾವೇ ಕೂಗಬಹುದು!

"ರೀ, ನಾನೇನು ಇಡ್ಲೀನಾ ಹಬೇಲಿ ಬೇಯೋಕೆ?" ಎಂದರು ಒಮ್ಮೆ ಚಿಕ್ಕಮ್ಮ.

"ಮಾತಾಡ್ಬೇಡ ಕಣೇ. ಉಸಿರಿಗೆ ಗಾಜು ಮಂಜಾದ್ರೆ ಮತ್ತೆ ಎಸಿ ಹಾಕ್ಬೇಕಾಗುತ್ತೆ!"

ಬಾಗೇಪಲ್ಲಿಯಿಂದ ಬರುವಾಗ ಪರದೆ ಇನ್ನೂ ಅರವತ್ತು ಎನ್ನುತ್ತಿರುವಾಗಲೇ ಕಾರು ಮಂಡಿಕಲ್ ಹತ್ತಿರ ನಿಂತೇಬಿಟ್ಟಿತು. ಪರಿಚಯದವರ ಹಿಟ್ಟಿನ ಗಿರಣಿಯವರೆಗೆ ತಳ್ಳಿ, ಅಲ್ಲಿ ಪ್ಲಗ್ ಹಾಕಿ ಕೂತೆವು. ರಾಗಿ ಬೀಸಿಸಲು ಬಂದ ಅಜ್ಜಿಯೊಬ್ಬರು, "ಏನಪ್ಪ, ಕಾರ್‌ನೂ ಬೀಸಿಸ್ತೀಯಾ?" ಎಂದು ಕೇಳಿದರು. ಮನೆ ಸೇರಿದಾಗ ನಮ್ಮ ಹುಬ್ಬುಗಳಿಗೂ ಹಿಟ್ಟು ಮೆತ್ತಿತ್ತು.

ಹೀಗಾಗಿ ಈಗ ನಮಗೆ ನೆಂಟರೆಂದರೆ ಪ್ಲಗ್ ಇರುವವರು. ಶಿಡ್ಲಘಟ್ಟದ ಮನೆಯೊಂದನ್ನು ಬಿಟ್ಟು. ಅಲ್ಲಿರುವುದು ಚಿಕ್ಕಪ್ಪನ ಸ್ವಂತ ಅಕ್ಕ, ನಮ್ಮ ಅತ್ತೆ. ಅವರ ಮಗನ ಮದುವೆ ಕಾರ್ಡಿನಲ್ಲಿ, ಆಗಮನ ಬಯಸುವವರ ಸಾಲಿನಲ್ಲಿ, ಸೋದರಮಾವನ ಹೆಸರೇ ಬಿಟ್ಟುಹೋಗಿತ್ತು. ಪ್ರೆಸ್ಸಿನವರು ಬಿಟ್ಟರೋ, ಅತ್ತೆಯೇ ಮರೆತರೋ, ಅಕ್ಕ ತಮ್ಮನ ಮಾತು ಅಂದೇ ನಿಂತಿತು. ಹೋದ ತಿಂಗಳು ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗಲೂ, "ಕಾರ್ಡಲ್ಲಿ ಇಲ್ದೋನಿಗೆ ಆಸ್ಪತ್ರೇಲೇನು ಕೆಲಸ?" ಎಂದು ಚಿಕ್ಕಪ್ಪ ಮನೆಯಲ್ಲೇ ಕೂತರು. ಚಿಕ್ಕಮ್ಮ ಅತ್ತು ಕರೆದರೂ ಕದಲಲಿಲ್ಲ. ನನಗಂತೂ ಅವರ ಮುಖ ನೋಡಲೂ ಬೇಸರವಾಗಿತ್ತು.

ಮೊನ್ನೆ ಚಿಂತಾಮಣಿಯಲ್ಲಿ ಒಂದು ಗೃಹಪ್ರವೇಶ. ನಾನು ಮುಂದಿನ ಸೀಟಿನಲ್ಲಿದ್ದೆ. ಶಿಡ್ಲಘಟ್ಟ ಬರುತ್ತಲೇ ಚಿಕ್ಕಪ್ಪ, "ಅಯ್ಯೋ, ಚಾರ್ಜ್ ಮುಗೀತಾ ಬಂತು" ಎಂದು ಅತ್ತೆಯ ಬೀದಿಗೆ ಕಾರು ತಿರುಗಿಸಿದರು. ಪರದೆ ನೋಡಿದೆ. ನೂರಾ ಎಪ್ಪತ್ತು! ಅದರ ಸುಳ್ಳನ್ನೆಲ್ಲ ಕಳೆದರೂ ಚಿಂತಾಮಣಿಗೆ ಹೋಗಿ ಬರಬಹುದಿತ್ತು.

"ಚಿಕ್ಕಪ್ಪ, ಇಲ್ನೋಡಿ..." ಎಂದು ಬಾಯಿ ತೆರೆದೆ. ಹಿಂದಿನಿಂದ ಚಿಕ್ಕಮ್ಮ ನನ್ನ ಭುಜ ಚಿವುಟಿದರು.

ಅತ್ತೆ ವಾಕರ್ ಹಿಡಿದು ಬಾಗಿಲಿಗೆ ಬಂದರು. ಚಿಕ್ಕಪ್ಪ ಚಾರ್ಜಿಂಗ್ ವೈರು ಹಿಡಿದು ನೆಲ ನೋಡುತ್ತ ನಿಂತರು.

"ಪ್ಲಗ್ ಬೇಕಿತ್ತು."

"ಒಳಗಿದೆ, ಬಾರೋ. ಎಷ್ಟೊತ್ತಾಗುತ್ತೆ?"

ಚಿಕ್ಕಪ್ಪ ಚಪ್ಪಲಿ ಬಿಟ್ಟರು. "ಸಂಜೆವರ್ಗೂ ಆಗುತ್ತೆ, ಅಕ್ಕ."

ಅತ್ತೆ ಕಣ್ಣೊರೆಸಿಕೊಂಡು, ಇನ್ನೊಂದು ಪಾವು ಅಕ್ಕಿ ಇಡುವಂತೆ ಸೊಸೆಗೆ ಕೂಗಿ ಹೇಳಿದರು. ನನಗೂ ಅಳು ಬಂತು. ಆ ವೈರನ್ನು ಕಾರಿಗೆ ಸಿಕ್ಕಿಸುವುದು ಸಂಜೆಯವರೆಗೂ ಯಾರಿಗೂ ನೆನಪಾಗಲಿಲ್ಲ.